ಆಸ್ಕರ್ ಬಾರ್ನಾಕ್

ಆಸ್ಕರ್ ಬಾರ್ನಾಕ್ (ನವೆಂಬರ್ 1, 1879 – ಜನವರಿ 16, 1936) ಜರ್ಮನಿಯ ಸೂಕ್ಷ್ಮಯಂತ್ರ ತಜ್ಞರು ಹಾಗೂ ಛಾಯಾಗ್ರಾಹಕರು. 35 ಮಿ.ಮೀ. ಅಗಲದ ಚಲನಚಿತ್ರ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸುವ ಲೈಕಾ ಕ್ಯಾಮೆರಾವನ್ನು ರೂಪಿಸಿದವರು ಇವರೇ. ವೆಟ್ಜ್ಲರ್ ನಗರದ ಅರ್ನ್ಸ್ಟ್ ಲೈಟ್ಜ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ ಇವರು ತಯಾರಿಸಿದ ಪುಟ್ಟ ಕ್ಯಾಮೆರಾ, ಛಾಯಾಗ್ರಹಣವನ್ನು ಮುಕ್ಕಾಲಿಯಿಂದ ಬಿಡಿಸಿ ಮನುಷ್ಯನ ಅಂಗೈಗೆ ತಂದಿತು. 24×36 ಮಿ.ಮೀ. ಅಳತೆಯ ಚಿತ್ರಚೌಕಟ್ಟು ಇವರ ಕ್ಯಾಮೆರಾದ ಮೂಲಕವೇ ಜಗತ್ತಿನಾದ್ಯಂತ ಪ್ರಮಾಣವಾಯಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ‘ಫುಲ್ ಫ್ರೇಮ್’ ಎಂದು ಕರೆಯಲಾಗುವ ಸಂವೇದಕದ ಅಳತೆಯೂ ಅದೇ ಆಗಿದೆ.

ಬಾಲ್ಯ ಮತ್ತು ತರಬೇತಿ

ಬಾರ್ನಾಕ್ ಅವರು ಜರ್ಮನಿಯ ಬ್ರಾಂಡನ್‌ಬರ್ಗ್ ಪ್ರಾಂತ್ಯದ ಲೀನೋ ಎಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ಅವರು ಚಿಕ್ಕವರಿದ್ದಾಗಲೇ ಕುಟುಂಬವು ಬರ್ಲಿನ್ ನಗರದ ಆಸುಪಾಸಿಗೆ ಬಂದು ನೆಲೆಸಿತು. ಶಾಲಾ ವಿದ್ಯಾಭ್ಯಾಸ ಮುಗಿದ ಬಳಿಕ ಲಿಖ್ಟರ್‌ಫೆಲ್ಡೆಯಲ್ಲಿ ಯೂಲಿಯಸ್ ಲಾಂಪೆ ಎಂಬ ಯಂತ್ರಕಾರರ ಕಾರ್ಯಾಗಾರದಲ್ಲಿ ಅಭ್ಯಾಸಿಯಾಗಿ ಸೇರಿದರು. ಲೋಹವನ್ನು ಅರೆದು, ಕಡೆದು, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಒಂದಕ್ಕೊಂದು ಕೂಡಿಸುವ ವಿದ್ಯೆ ಅವರಿಗೆ ಅಲ್ಲಿ ಕೈವಶವಾಯಿತು. ಅಭ್ಯಾಸದ ಅವಧಿ ಮುಗಿಸಿದ ಕುಶಲಕರ್ಮಿಯು ಊರೂರು ಸುತ್ತಿ ಬೇರೆ ಬೇರೆ ಕಾರ್ಯಾಗಾರಗಳಲ್ಲಿ ದುಡಿದು ಅನುಭವ ಪಡೆಯುವುದು ಅಂದಿನ ಜರ್ಮನಿಯ ಪದ್ಧತಿ. ಬಾರ್ನಾಕ್ ಅವರೂ ಹಾಗೆಯೇ ಕೆಲವು ಕಾಲ ಸಂಚರಿಸಿದರು. ವಿಶ್ವವಿದ್ಯಾಲಯದ ಪದವಿ ಅವರಿಗೆ ಇರಲಿಲ್ಲ. ಅವರ ವಿದ್ಯೆಯೆಲ್ಲವೂ ಕೆಲಸದ ಮೇಜಿನ ಮುಂದೆ ಕಲಿತದ್ದು.

ಯೇನಾ ನಗರದಲ್ಲಿ

1902ರಲ್ಲಿ ಬಾರ್ನಾಕ್ ಅವರು ಯೇನಾ ನಗರದ ಕಾರ್ಲ್ ಝೈಸ್ ಸಂಸ್ಥೆಯನ್ನು ಸೇರಿದರು. ಸೂಕ್ಷ್ಮದರ್ಶಕ ಹಾಗೂ ಮಸೂರಗಳ ತಯಾರಿಕೆಯಲ್ಲಿ ಝೈಸ್ ಆಗಲೇ ಜಗತ್ಪ್ರಸಿದ್ಧವಾಗಿತ್ತು. ಬಿಡುವಿನ ವೇಳೆಯಲ್ಲಿ ಥ್ಯೂರಿಂಗಿಯಾದ ಕಾಡುಬೆಟ್ಟಗಳಲ್ಲಿ ನಡೆದಾಡುತ್ತ ಚಿತ್ರ ತೆಗೆಯುವುದು ಬಾರ್ನಾಕ್ ಅವರ ಮೆಚ್ಚಿನ ಹವ್ಯಾಸವಾಗಿತ್ತು.

ಆದರೆ ಆ ಕಾಲದ ಕ್ಯಾಮೆರಾವೆಂದರೆ ಒಂದು ಹೊರೆ. 13×18 ಸೆಂ.ಮೀ. ಗಾಜಿನ ಫಲಕಗಳನ್ನು ಬಳಸುವ ದೊಡ್ಡ ಪೆಟ್ಟಿಗೆ, ಫಲಕಗಳನ್ನಿಡುವ ಅರೆಗಳು, ಮೇಲೊಂದು ಮರದ ಮುಕ್ಕಾಲಿ. ಇವೆಲ್ಲವನ್ನೂ ಹೊತ್ತು ಬೆಟ್ಟ ಹತ್ತಬೇಕಿತ್ತು. ಬಾರ್ನಾಕ್ ಅವರಿಗೆ ಆಸ್ತಮಾ ಇತ್ತು. ಏರು ಹಾದಿಯಲ್ಲಿ ಉಸಿರು ಕಟ್ಟುತ್ತಿದ್ದ ಅವರಿಗೆ ಕ್ಯಾಮೆರಾದ ತೂಕವು ಹವ್ಯಾಸವನ್ನು ಮುಂದುವರಿಸುವುದೋ ಬಿಡುವುದೋ ಎಂಬ ಪ್ರಶ್ನೆಯೇ ಆಗಿತ್ತು. ಸುಮಾರು 1905ರಲ್ಲಿ ಅವರು ಒಂದೇ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ಸಾಲಾಗಿ ಮೂಡಿಸಿ, ಅನಂತರ ಅವನ್ನು ಹಿಗ್ಗಿಸಿ ಮುದ್ರಿಸುವ ಪ್ರಯೋಗ ಮಾಡಿದರು. ಅಂದಿನ ಫಲಕಗಳ ಲೇಪದಲ್ಲಿ ಕಣಗಳು ಒರಟಾಗಿದ್ದುದರಿಂದ ಹಿಗ್ಗಿಸಿದ ಚಿತ್ರಗಳು ತೃಪ್ತಿಕರವಾಗಿರಲಿಲ್ಲ. ಪ್ರಯೋಗ ಅಲ್ಲಿಗೆ ನಿಂತರೂ, ಚಿಕ್ಕ ನೆಗೆಟಿವ್‌ನಿಂದ ದೊಡ್ಡ ಚಿತ್ರ ಪಡೆಯಬೇಕೆಂಬ ಯೋಚನೆ ಅವರನ್ನು ಬಿಡಲಿಲ್ಲ.

ವೆಟ್ಜ್ಲರ್‌ಗೆ ಆಗಮನ

ಝೈಸ್‌ನಲ್ಲಿ ಬಾರ್ನಾಕ್ ಅವರ ಸಹೋದ್ಯೋಗಿಯಾಗಿದ್ದ ಎಮಿಲ್ ಮೆಖಾವ್ ಅವರು 1910ರಲ್ಲಿ ವೆಟ್ಜ್ಲರ್ ನಗರದ ಲೈಟ್ಜ್ ಸಂಸ್ಥೆಗೆ ಹೋದರು. ಚಲನಚಿತ್ರ ಪ್ರೊಜೆಕ್ಟರ್ ಸುಧಾರಣೆಯಲ್ಲಿ ತೊಡಗಿದ್ದ ಮೆಖಾವ್ ಅವರು ಗೆಳೆಯನ ಕೈಚಳಕವನ್ನು ಬಲ್ಲವರಾಗಿದ್ದು, ಹೊಸ ಸಂಸ್ಥೆಗೆ ಅವರ ಹೆಸರನ್ನು ಸೂಚಿಸಿದರು. ತಮ್ಮ ದುರ್ಬಲ ಆರೋಗ್ಯವು ಕೆಲಸ ಕೊಡುವವರಿಗೆ ಹೊರೆಯಾದೀತೆಂಬ ಅಳುಕು ಬಾರ್ನಾಕ್ ಅವರಿಗಿತ್ತು. ಆದರೂ ಲೈಟ್ಜ್ ಸಂಸ್ಥೆ ಅವರನ್ನು ಬರಮಾಡಿಕೊಂಡಿತು. 1911ರ ಜನವರಿಯಲ್ಲಿ ಕೆಲಸಕ್ಕೆ ಸೇರಿದ ಅವರು ಮುಂದೆ ಪ್ರಯೋಗ ವಿಭಾಗದ ಮುಖ್ಯಸ್ಥರಾದರು. ಜೀವನದ ಕೊನೆಯವರೆಗೂ ಅವರು ಅದೇ ಸಂಸ್ಥೆಯಲ್ಲಿದ್ದರು.

ಮೊದಲ ಕ್ಯಾಮೆರಾ

ವೆಟ್ಜ್ಲರ್‌ನಲ್ಲಿ ಬಾರ್ನಾಕ್ ಅವರು ಚಲನಚಿತ್ರ ಕ್ಯಾಮೆರಾವೊಂದನ್ನು ನಿರ್ಮಿಸುವ ಕೆಲಸದಲ್ಲಿಯೂ ತೊಡಗಿದ್ದರು. ಅದರಿಂದ ಅವರಿಗೆ 35 ಮಿ.ಮೀ. ಫಿಲ್ಮಿನ ಪರಿಚಯ ಚೆನ್ನಾಗಿ ಆಯಿತು. ಅಂಚಿನಲ್ಲಿ ರಂಧ್ರಗಳಿರುವ ಈ ಫಿಲ್ಮ್ ಗಾಜಿನ ಫಲಕಕ್ಕಿಂತ ಹಗುರ; ಸುರುಳಿಯಾಗಿ ಸುತ್ತಿದರೆ ಹತ್ತಾರು ಚಿತ್ರಗಳಿಗೆ ಸಾಕು. ಚಲನಚಿತ್ರದ ಒಂದು ಚೌಕಟ್ಟು 18×24 ಮಿ.ಮೀ. ಅಳತೆಯದು. ಬಾರ್ನಾಕ್ ಅವರು ಫಿಲ್ಮನ್ನು ಉದ್ದಕ್ಕೆ ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳ ಜಾಗವನ್ನು ಒಂದು ಚಿತ್ರಕ್ಕೆ ನೀಡಿದರು. ಹೀಗೆ 24×36 ಮಿ.ಮೀ. ಚೌಕಟ್ಟು ಹುಟ್ಟಿತು.

1913–14ರ ವೇಳೆಗೆ ಅವರು ಸಿದ್ಧಪಡಿಸಿದ ಲೋಹದ ಪುಟ್ಟ ಕ್ಯಾಮೆರಾವನ್ನು ಇಂದು ‘ಊರ್-ಲೈಕಾ’ ಅಂದರೆ ಆದಿ ಲೈಕಾ ಎಂದು ಕರೆಯಲಾಗುತ್ತದೆ. ಇದರಲ್ಲಿ ಫಿಲ್ಮನ್ನು ಮುಂದಕ್ಕೆ ಸುತ್ತುವ ಗುಂಡಿಯೇ ಷಟರ್ ಅನ್ನೂ ಬಿಗಿಗೊಳಿಸುತ್ತಿತ್ತು. ಫಿಲ್ಮ್ ಸರಿಯದೆ ಷಟರ್ ಸಜ್ಜಾಗುತ್ತಿರಲಿಲ್ಲವಾದ್ದರಿಂದ ಒಂದೇ ಚೌಕಟ್ಟಿನ ಮೇಲೆ ಎರಡು ಚಿತ್ರಗಳು ಬೀಳುವ ಅಪಾಯ ತಪ್ಪಿತು. ಚಿಕ್ಕದಾಗಿ ಕಾಣುವ ಈ ಉಪಾಯವು ಮುಂದಿನ ಹಲವು ದಶಕಗಳ ಫಿಲ್ಮ್ ಕ್ಯಾಮೆರಾಗಳಿಗೆ ಮಾದರಿಯಾಯಿತು.

1914ರಲ್ಲಿ ಸಂಸ್ಥೆಯ ಎರಡನೆಯ ಅರ್ನ್ಸ್ಟ್ ಲೈಟ್ಜ್ ಅವರು ಇಂತಹದೊಂದು ಕ್ಯಾಮೆರಾವನ್ನು ಅಮೆರಿಕ ಪ್ರವಾಸಕ್ಕೆ ಒಯ್ದು ಚಿತ್ರಗಳನ್ನು ತೆಗೆದರು. ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾದುದರಿಂದ ಕ್ಯಾಮೆರಾದ ತಯಾರಿಕೆ ಮುಂದೆ ಸಾಗಲಿಲ್ಲ. ಆದರೆ ಬಾರ್ನಾಕ್ ಅವರು ತಮ್ಮ ಕ್ಯಾಮೆರಾವನ್ನು ಮೂಲೆಗಿಡಲಿಲ್ಲ. 1914ರಲ್ಲಿ ಸೈನ್ಯ ಜಮಾವಣೆಯ ಆದೇಶವನ್ನು ವೆಟ್ಜ್ಲರ್‌ನಲ್ಲಿ ಅಂಟಿಸಿದ ಸಂದರ್ಭವನ್ನೂ, 1920ರಲ್ಲಿ ಆ ನಗರವನ್ನು ಮುಳುಗಿಸಿದ ಪ್ರವಾಹವನ್ನೂ ಅವರು ಸೆರೆಹಿಡಿದರು. ನೀರು ತುಂಬಿದ ಬೀದಿಗಳ ಆ ಚಿತ್ರಸರಣಿಯನ್ನು ಆಧುನಿಕ ಸುದ್ದಿಚಿತ್ರಣದ ಮುನ್ಸೂಚನೆ ಎಂದು ಪರಿಗಣಿಸಲಾಗುತ್ತದೆ. ಘಟನೆಯ ನಡುವೆ ನಡೆದಾಡುತ್ತ, ಒಂದಾದ ಮೇಲೊಂದು ಚಿತ್ರ ತೆಗೆಯುವುದು ದೊಡ್ಡ ಫಲಕದ ಕ್ಯಾಮೆರಾದಿಂದ ಸುಲಭಸಾಧ್ಯವಾಗಿರಲಿಲ್ಲ.

1924ರ ನಿರ್ಧಾರ

ಯುದ್ಧಾನಂತರದ ಜರ್ಮನಿಯಲ್ಲಿ ಹಣದ ಮೌಲ್ಯ ಕುಸಿದು, 1923ರ ವೇಳೆಗೆ ಹಣದುಬ್ಬರ ಮಿತಿಮೀರಿತು. ಸೂಕ್ಷ್ಮದರ್ಶಕಗಳ ವ್ಯಾಪಾರವನ್ನೇ ನಂಬಿಕೊಂಡಿದ್ದ ಲೈಟ್ಜ್ ಸಂಸ್ಥೆಗೆ ಹೊಸ ಉತ್ಪನ್ನದ ಅಗತ್ಯವಿತ್ತು. ಬಾರ್ನಾಕ್ ಅವರ ಕ್ಯಾಮೆರಾದ ಸುಮಾರು 25 ಪ್ರಾಯೋಗಿಕ ಮಾದರಿಗಳನ್ನು ತಯಾರಿಸಿ ಪರೀಕ್ಷೆಗಾಗಿ ಬಲ್ಲವರ ಕೈಗೆ ಕೊಡಲಾಯಿತು. ಇವು ‘ಶೂನ್ಯ ಸರಣಿ’ಯ ಕ್ಯಾಮೆರಾಗಳು. ಅಭಿಪ್ರಾಯಗಳು ಒಂದೇ ತೆರನಾಗಿರಲಿಲ್ಲ. ಅಂಚೆಚೀಟಿಗಿಂತ ಸ್ವಲ್ಪವೇ ದೊಡ್ಡದಾದ ನೆಗೆಟಿವ್‌ನಿಂದ ಗಂಭೀರವಾದ ಕೆಲಸ ಸಾಧ್ಯವೇ ಎಂಬ ಅನುಮಾನ ವೃತ್ತಿನಿರತರಲ್ಲಿತ್ತು.

1924ರ ಜೂನ್ ತಿಂಗಳಲ್ಲಿ ನಡೆದ ದೀರ್ಘ ಸಭೆಯಲ್ಲಿ ವಾದ–ಪ್ರತಿವಾದಗಳನ್ನು ಆಲಿಸಿದ ಎರಡನೆಯ ಅರ್ನ್ಸ್ಟ್ ಲೈಟ್ಜ್ ಅವರು ಕ್ಯಾಮೆರಾವನ್ನು ತಯಾರಿಸುವ ನಿರ್ಧಾರ ಕೈಗೊಂಡರು. ಕ್ಯಾಮೆರಾ ಸೋತಿದ್ದರೆ ಸಂಸ್ಥೆಯ ಬಂಡವಾಳದೊಂದಿಗೆ ನೌಕರರ ಜೀವನೋಪಾಯವೂ ಅಪಾಯಕ್ಕೆ ಸಿಲುಕುತ್ತಿತ್ತು. ಲೈಟ್ಜ್ ಮತ್ತು ಕ್ಯಾಮೆರಾ ಎಂಬ ಎರಡು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ‘ಲೈಕಾ’ ಎಂದು ಹೆಸರಿಡಲಾಯಿತು. 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಅದು ಸಾರ್ವಜನಿಕರ ಮುಂದೆ ಬಂದಿತು.

ಚಿಕ್ಕ ನೆಗೆಟಿವ್ ಗೆಲ್ಲಬೇಕಾದರೆ ಮಸೂರವು ಅಸಾಧಾರಣವಾಗಿ ಚುರುಕಾಗಿರಬೇಕಿತ್ತು. ಅದನ್ನು ಗಣಿಸಿ ರೂಪಿಸಿದವರು ಅದೇ ಸಂಸ್ಥೆಯ ವಿಜ್ಞಾನಿ ಮ್ಯಾಕ್ಸ್ ಬೆರೆಕ್. ಅವರ 50 ಮಿ.ಮೀ. ಸಂಗಮದೂರದ, ಎಫ್/3.5 ಸಾಮರ್ಥ್ಯದ ಎಲ್ಮಾರ್ ಮಸೂರವು ಲೈಕಾದ ಕೀರ್ತಿಯ ಅರ್ಧ ಪಾಲಿಗೆ ಕಾರಣವಾಯಿತು. ಬಳಸದಿರುವಾಗ ಮಸೂರದ ಕೊಳವೆಯನ್ನು ಒಳಕ್ಕೆ ತಳ್ಳಿ ಕ್ಯಾಮೆರಾವನ್ನು ಜೇಬಿನಲ್ಲಿಡಬಹುದಾಗಿತ್ತು.

ಬದಲಾಯಿಸಬಲ್ಲ ಮಸೂರಗಳು ಮತ್ತು ದೂರಮಾಪಕ

ಮೊದಲ ಲೈಕಾದಲ್ಲಿ ಮಸೂರ ಸ್ಥಿರವಾಗಿತ್ತು. ವಸ್ತುವಿನ ದೂರವನ್ನು ಅಂದಾಜಿನಿಂದಲೇ ಹೊಂದಿಸಬೇಕಿತ್ತು. ಅಂದಾಜಿಗೆ ನೆರವಾಗಿ ರೇಂಜ್‌ಫೈಂಡರ್ ಅಂದರೆ ದೂರಮಾಪಕವೊಂದನ್ನು ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸಿಕೊಳ್ಳಬಹುದಾಗಿತ್ತು. ಅದು ತೋರಿಸಿದ ದೂರವನ್ನು ಓದಿ, ಮಸೂರದ ಬಳೆಯ ಮೇಲೆ ಕೈಯಿಂದ ಹೊಂದಿಸುವುದು ಕ್ರಮ. ಭೂಮಾಪಕರು ಎರಡು ಬಿಂದುಗಳಿಂದ ನೋಡಿ ತ್ರಿಭುಜದ ಲೆಕ್ಕದಿಂದ ದೂರ ಅಳೆಯುವ ತತ್ತ್ವವೇ ಇದರಲ್ಲಿಯೂ ಇದೆ. ಒಂದು ಕಿಟಕಿಯಿಂದ ನೇರವಾಗಿಯೂ, ಸ್ವಲ್ಪ ದೂರದಲ್ಲಿರುವ ಇನ್ನೊಂದು ಕಿಟಕಿಯಿಂದ ಕನ್ನಡಿ ಅಥವಾ ಪಟ್ಟಕದ ಮೂಲಕವೂ ಬಂದ ಎರಡು ಬಿಂಬಗಳು ಕಣ್ಣಿಗೆ ಕಾಣುತ್ತವೆ. ಅವೆರಡೂ ಒಂದಾದಾಗ ದೂರ ಸರಿಯಾಗಿದೆ ಎಂದರ್ಥ.

1930ರಲ್ಲಿ ತಿರುಪು ಹಾಕಿ ಬದಲಾಯಿಸಬಲ್ಲ ಮಸೂರಗಳ ಲೈಕಾ ಬಂದಿತು. ಮೊದಮೊದಲು ಪ್ರತಿ ಕ್ಯಾಮೆರಾಕ್ಕೂ ಆಯಾ ಮಸೂರಗಳನ್ನು ಕಾರ್ಖಾನೆಯಲ್ಲಿಯೇ ಹೊಂದಿಸಿ ಕೊಡಬೇಕಾಗಿತ್ತು. 1931ರಲ್ಲಿ ಮಸೂರ ಕೂರುವ ಅಂಚಿನಿಂದ ಫಿಲ್ಮಿಗೆ ಇರಬೇಕಾದ ಅಂತರವನ್ನು 28.8 ಮಿ.ಮೀ. ಎಂದು ನಿಗದಿಗೊಳಿಸಿದ ಮೇಲೆ ಯಾವುದೇ ಮಸೂರವನ್ನು ಯಾವುದೇ ಲೈಕಾಕ್ಕೆ ಜೋಡಿಸುವುದು ಸಾಧ್ಯವಾಯಿತು.

1932ರ ಎರಡನೆಯ ಮಾದರಿ ಲೈಕಾ, ಬಾರ್ನಾಕ್ ಅವರ ಮತ್ತೊಂದು ದೊಡ್ಡ ಸಾಧನೆ. ಇದರಲ್ಲಿ ದೂರಮಾಪಕವು ಕ್ಯಾಮೆರಾದ ಒಡಲಿನಲ್ಲಿಯೇ ಸೇರಿಕೊಂಡು ಮಸೂರದೊಂದಿಗೆ ಬೆಸೆದುಕೊಂಡಿತು. ಮಸೂರದ ಬಳೆಯನ್ನು ತಿರುಗಿಸಿದಂತೆ ಅದರ ಹಿಂಬದಿಯ ಅಂಚು ಒಂದು ಸಣ್ಣ ಸನ್ನೆಯನ್ನು ಒತ್ತುತ್ತದೆ. ಆ ಸನ್ನೆ ದೂರಮಾಪಕದ ಬಿಂಬವನ್ನು ಸರಿಸುತ್ತದೆ. ಬೇರೆ ಬೇರೆ ಸಂಗಮದೂರದ ಮಸೂರಗಳು ಬೇರೆ ಬೇರೆ ಪ್ರಮಾಣದಲ್ಲಿ ಮುಂದೆ ಹಿಂದೆ ಸರಿಯುತ್ತವೆಯಾದರೂ, ಪ್ರತಿಯೊಂದು ಮಸೂರವೂ 50 ಮಿ.ಮೀ. ಮಸೂರದ ಚಲನೆಗೆ ಸಮನಾಗಿ ಸನ್ನೆಯನ್ನು ಒತ್ತುವಂತೆ ರಚಿಸಲಾಯಿತು. ಹೀಗಾಗಿ ಒಂದೇ ದೂರಮಾಪಕ ಎಲ್ಲ ಮಸೂರಗಳಿಗೂ ಹೊಂದಿಕೊಂಡಿತು. ಅದೇ ವರ್ಷ ಝೈಸ್ ಇಕಾನ್ ಸಂಸ್ಥೆ ತನ್ನ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಪ್ರತಿಸ್ಪರ್ಧಿಯಾಗಿ ತಂದಿತು. 1933ರ ಮೂರನೆಯ ಮಾದರಿ ಲೈಕಾದಲ್ಲಿ ಒಂದು ಸೆಕೆಂಡಿನವರೆಗಿನ ನಿಧಾನ ವೇಗಗಳು ಸೇರಿದವು.

ವಿಶಾಲಕೋನ ಮಸೂರಗಳ ಆಯ್ಕೆ ಮತ್ತು ಫೋಕಸ್

ಬಾರ್ನಾಕ್ ಅವರ ಜೀವಿತಾವಧಿಯಲ್ಲಿಯೇ ಲೈಕಾಕ್ಕೆ ವಿಶಾಲಕೋನ ಮಸೂರಗಳು ಬಂದವು. 1930ರಲ್ಲಿ 35 ಮಿ.ಮೀ. ಎಲ್ಮಾರ್ ಬಂದರೆ, 1935ರಲ್ಲಿ 28 ಮಿ.ಮೀ. ಸಂಗಮದೂರದ, ಎಫ್/6.3 ಸಾಮರ್ಥ್ಯದ ಹೆಕ್ಟರ್ ಬಂದಿತು. ಸಂಗಮದೂರ ಕಡಿಮೆಯಾದಷ್ಟೂ ಮಸೂರದ ನೋಟ ಹಿಗ್ಗುತ್ತದೆ. 24×36 ಮಿ.ಮೀ. ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ 50 ಮಿ.ಮೀ. ಮಸೂರ ಸುಮಾರು 47 ಡಿಗ್ರಿ, 35 ಮಿ.ಮೀ. ಸುಮಾರು 63 ಡಿಗ್ರಿ, 28 ಮಿ.ಮೀ. ಸುಮಾರು 75 ಡಿಗ್ರಿ, 21 ಮಿ.ಮೀ. ಸುಮಾರು 92 ಡಿಗ್ರಿ ಹಾಗೂ 15 ಮಿ.ಮೀ. ಸುಮಾರು 110 ಡಿಗ್ರಿ ಕೋನವನ್ನು ಒಳಗೊಳ್ಳುತ್ತದೆ.

ಹಿಂದೆ ಸರಿಯಲು ಜಾಗವಿಲ್ಲದ ಕಡೆ ಇಂತಹ ಮಸೂರ ಅನಿವಾರ್ಯ. ಮದ್ದೂರಿನ ಉಗ್ರನರಸಿಂಹ ದೇವಾಲಯದಂತಹ ಹಳೆಯ ಗುಡಿಯ ಕಂಬಗಳ ನಡುವೆ ನಿಂತು ಮಂಟಪವಿಡೀ ಬರುವಂತೆ ಚಿತ್ರ ತೆಗೆಯಬೇಕೆಂದರೆ 50 ಮಿ.ಮೀ. ಮಸೂರಕ್ಕೆ ಒಂದೆರಡು ಕಂಬಗಳಷ್ಟೇ ದಕ್ಕುತ್ತವೆ. 21 ಮಿ.ಮೀ. ಮಸೂರಕ್ಕೆ ನೆಲದಿಂದ ಛಾವಣಿಯವರೆಗೂ ದಕ್ಕೀತು. ಆದರೆ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರೂ ಕಂಬಗಳು ಒಂದರ ಕಡೆಗೊಂದು ವಾಲಿದಂತೆ ಕಾಣುತ್ತವೆ. ಚೌಕಟ್ಟಿನ ಅಂಚಿನಲ್ಲಿ ನಿಂತವರ ಮುಖಗಳು ಅಗಲಕ್ಕೆ ಎಳೆದಂತಾಗುತ್ತವೆ. ಆದುದರಿಂದ ಕ್ಯಾಮೆರಾವನ್ನು ಸಮಮಟ್ಟದಲ್ಲಿ ಹಿಡಿಯುವುದೂ, ಮನುಷ್ಯರನ್ನು ಚೌಕಟ್ಟಿನ ಮಧ್ಯಕ್ಕೆ ತರುವುದೂ ರೂಢಿ. ಜನರನ್ನು ಹಾಗೂ ಬೀದಿಯ ಬದುಕನ್ನು ಚಿತ್ರಿಸುವವರು 35 ಅಥವಾ 28 ಮಿ.ಮೀ. ಮಸೂರವನ್ನೂ, ಕಟ್ಟಡದ ಒಳಾಂಗಣವನ್ನು ಚಿತ್ರಿಸುವವರು 21 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಸಂಗಮದೂರದ ಮಸೂರವನ್ನೂ ಆರಿಸುವುದು ಸಾಮಾನ್ಯ.

ದೂರಮಾಪಕ ಕ್ಯಾಮೆರಾದಲ್ಲಿ ಛಾಯಾಗ್ರಾಹಕ ನೋಡುವುದು ಮಸೂರದ ಮೂಲಕವಲ್ಲ, ಪ್ರತ್ಯೇಕ ಕಿಟಕಿಯ ಮೂಲಕ. ಬಾರ್ನಾಕ್ ಅವರ ಲೈಕಾದ ಕಿಟಕಿ 50 ಮಿ.ಮೀ. ಮಸೂರದ ನೋಟವನ್ನಷ್ಟೇ ತೋರುತ್ತಿತ್ತು. ವಿಶಾಲಕೋನ ಮಸೂರ ಹಾಕಿದಾಗ ಕ್ಯಾಮೆರಾದ ಮೇಲೆ ಅದಕ್ಕೆಂದೇ ಮಾಡಿದ ಇನ್ನೊಂದು ನೋಟಕವನ್ನು ಸಿಕ್ಕಿಸಬೇಕಿತ್ತು. ಮೊದಲು ದೂರಮಾಪಕದಲ್ಲಿ ಬಿಂಬಗಳನ್ನು ಕೂಡಿಸಿ, ಬಳಿಕ ಕಣ್ಣನ್ನು ಮೇಲಿನ ನೋಟಕಕ್ಕೆ ಸರಿಸಿ ಚೌಕಟ್ಟನ್ನು ನಿರ್ಧರಿಸುವುದು ಕ್ರಮವಾಗಿತ್ತು. ನೋಟಕವು ಮಸೂರಕ್ಕಿಂತ ಮೇಲಿರುವುದರಿಂದ ತೀರ ಹತ್ತಿರದ ವಸ್ತುವಿನ ವಿಷಯದಲ್ಲಿ ಕಂಡದ್ದಕ್ಕೂ ಚಿತ್ರದಲ್ಲಿ ಮೂಡಿದ್ದಕ್ಕೂ ಸ್ವಲ್ಪ ಅಂತರ ಬೀಳುತ್ತದೆ.

ಅತಿವಿಶಾಲಕೋನ ಮಸೂರಗಳಲ್ಲಿ ದೂರಮಾಪಕವನ್ನು ನೋಡದೆಯೇ ಫೋಕಸ್ ಮಾಡುವುದು ಹೆಚ್ಚು ಪ್ರಚಲಿತ. ಸಂಗಮದೂರ ಕಡಿಮೆಯಾದಂತೆ ಸ್ಪಷ್ಟವಾಗಿ ಮೂಡುವ ವಲಯದ ಆಳ ಹೆಚ್ಚುತ್ತದೆ. ಮಸೂರವನ್ನು ಒಂದು ನಿರ್ದಿಷ್ಟ ದೂರಕ್ಕೆ ಹೊಂದಿಸಿದರೆ, ಆ ದೂರದ ಅರ್ಧದಿಂದ ಅನಂತದವರೆಗೆ ಎಲ್ಲವೂ ತೃಪ್ತಿಕರವಾಗಿ ಸ್ಪಷ್ಟವಾಗಿರುತ್ತದೆ. ಸಂಗಮದೂರದ ವರ್ಗವನ್ನು ಎಫ್ ಸಂಖ್ಯೆ ಹಾಗೂ ಒಪ್ಪಬಹುದಾದ ಮಸುಕಿನ ವ್ಯಾಸ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಈ ದೂರ ಸಿಗುತ್ತದೆ. ಮಸುಕಿನ ವ್ಯಾಸವನ್ನು 0.03 ಮಿ.ಮೀ. ಎಂದಿಟ್ಟುಕೊಂಡು, ಎಫ್/8ರಲ್ಲಿ ಲೆಕ್ಕ ಹಾಕಿದರೆ ಫಲಿತಾಂಶ ಹೀಗಿರುತ್ತದೆ:

• 50 ಮಿ.ಮೀ. – 10.4 ಮೀಟರಿಗೆ ಹೊಂದಿಸಿದರೆ 5.2 ಮೀಟರಿನಿಂದ ಅನಂತದವರೆಗೆ ಸ್ಪಷ್ಟ.
• 28 ಮಿ.ಮೀ. – 3.3 ಮೀಟರಿಗೆ ಹೊಂದಿಸಿದರೆ ಸುಮಾರು 1.6 ಮೀಟರಿನಿಂದ ಅನಂತದವರೆಗೆ ಸ್ಪಷ್ಟ.
• 21 ಮಿ.ಮೀ. – 1.8 ಮೀಟರಿಗೆ ಹೊಂದಿಸಿದರೆ 0.9 ಮೀಟರಿನಿಂದ ಅನಂತದವರೆಗೆ ಸ್ಪಷ್ಟ.
• 15 ಮಿ.ಮೀ. – 0.94 ಮೀಟರಿಗೆ ಹೊಂದಿಸಿದರೆ ಸುಮಾರು 0.47 ಮೀಟರಿನಿಂದ ಅನಂತದವರೆಗೆ ಸ್ಪಷ್ಟ.

ಮಸೂರದ ಬಳೆಯ ಮೇಲೆ ಕೆತ್ತಿರುವ ಎಫ್ ಸಂಖ್ಯೆಗಳ ಜೋಡಿಗೀಟುಗಳನ್ನು ನೋಡಿಕೊಂಡೇ ಈ ಹೊಂದಾಣಿಕೆ ಮಾಡಬಹುದು. ಬೆಳಕು ಕಡಿಮೆಯಿದ್ದು ದ್ಯುತಿರಂಧ್ರವನ್ನು ಪೂರ್ತಿ ತೆರೆದಾಗ ಅಥವಾ ವಸ್ತು ತೀರ ಹತ್ತಿರವಿದ್ದಾಗ ಸ್ಪಷ್ಟ ವಲಯ ಕಿರಿದಾಗುವುದರಿಂದ ಆಗ ದೂರಮಾಪಕದ ನೆರವು ಬೇಕಾಗುತ್ತದೆ. ವಸ್ತುವಿನ ಕಡೆ ಇಷ್ಟೊಂದು ಸಡಿಲಿಕೆಯಿದ್ದರೂ ಫಿಲ್ಮಿನ ಕಡೆ ಅಂತಹ ಸಡಿಲಿಕೆಯಿಲ್ಲ. ಮಸೂರ ಕೂರುವ ಅಂತರದಲ್ಲಿ ಅಣುವಿನಷ್ಟು ಏರುಪೇರಾದರೂ ಮಸೂರದ ಅಳತೆಗೀಟುಗಳು ಸುಳ್ಳಾಗುತ್ತವೆ. 28.8 ಮಿ.ಮೀ. ಅಂತರವನ್ನು ಕಟ್ಟುನಿಟ್ಟಾಗಿ ನಿಗದಿಗೊಳಿಸಿದುದರ ಮಹತ್ವ ಇಲ್ಲಿ ವ್ಯಕ್ತವಾಗುತ್ತದೆ.

ಕ್ಯಾಮೆರಾದೊಳಗೆ ಮೇಲೆದ್ದು ಬೀಳುವ ಕನ್ನಡಿ ಇಲ್ಲದಿರುವುದು ವಿಶಾಲಕೋನ ಮಸೂರಗಳಿಗೆ ವರವಾಯಿತು. ಮಸೂರದ ಹಿಂಬದಿಯ ಗಾಜನ್ನು ಫಿಲ್ಮಿನ ಹತ್ತಿರಕ್ಕೆ ತಂದು, ಮುಂಬದಿ–ಹಿಂಬದಿಗಳು ಒಂದನ್ನೊಂದು ಹೋಲುವಂತೆ ರಚಿಸಿದರೆ ಗೆರೆಗಳು ಬಾಗುವ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಲುಡ್ವಿಗ್ ಬೆರ್ಟೆಲೆ ಅವರು ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ರೂಪಿಸಿದ 21 ಮಿ.ಮೀ. ಬಯೋಗಾನ್ (1954) ಹಾಗೂ ಲೈಕಾಕ್ಕೆ ಬಂದ 21 ಮಿ.ಮೀ. ಸೂಪರ್ ಆಂಗ್ಯುಲಾನ್ (1958) ಈ ಮಾರ್ಗದಲ್ಲಿ ಪ್ರಸಿದ್ಧವಾದವು. 1999ರಲ್ಲಿ ಫೊಯ್ಗ್ಟ್‌ಲೆಂಡರ್ ಹೆಸರಿನಲ್ಲಿ ಬಂದ 15 ಮಿ.ಮೀ. ಹೆಲಿಯರ್ ಮಸೂರಕ್ಕೆ ದೂರಮಾಪಕದ ಜೋಡಣೆಯೇ ಇರಲಿಲ್ಲ. ಅಳತೆಗೀಟು ನೋಡಿ ಹೊಂದಿಸುವುದೇ ಸಾಕೆನಿಸಿತ್ತು.

ನಿಧನ

ಬಾರ್ನಾಕ್ ಅವರ ಆರೋಗ್ಯ ಎಂದೂ ದೃಢವಾಗಿರಲಿಲ್ಲ. 1936ರ ಜನವರಿ 16ರಂದು ವೆಟ್ಜ್ಲರ್‌ಗೆ ಸಮೀಪದ ಬಾಡ್ ನೌಹೈಮ್‌ನಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅಷ್ಟರಲ್ಲಿ ಲೈಕಾ ಜಗತ್ತಿನಾದ್ಯಂತ ಮಾರಾಟವಾಗುತ್ತಿತ್ತು. ಲೈಕಾದ ತಿರುಪು ಮಾದರಿಯ ಕ್ಯಾಮೆರಾಗಳನ್ನು ಸಂಗ್ರಾಹಕರು ಇಂದಿಗೂ ಬಾರ್ನಾಕ್ ಲೈಕಾ ಎಂದೇ ಕರೆಯುತ್ತಾರೆ.

ಪ್ರಭಾವ ಮತ್ತು ಸ್ಮರಣೆ

ಕೈಯಲ್ಲಿ ಹಿಡಿದು, ಜನರ ಗಮನ ಸೆಳೆಯದೆ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಬಂದದ್ದರಿಂದ ಪತ್ರಿಕಾ ಛಾಯಾಗ್ರಹಣದ ಸ್ವರೂಪವೇ ಬದಲಾಯಿತು. ಫ್ರಾನ್ಸಿನ ಆನ್ರಿ ಕಾರ್ಟಿಯೇ-ಬ್ರೆಸಾನ್ ಅವರು 1932ರ ಸುಮಾರಿಗೆ ಲೈಕಾವನ್ನು ಕೈಗೆತ್ತಿಕೊಂಡು ಜೀವನವಿಡೀ ಅದನ್ನು ಬಳಸಿದರು. ಭಾರತದಲ್ಲಿದ್ದ ಅವರು 1948ರ ಜನವರಿ 30ರಂದು ಮಹಾತ್ಮ ಗಾಂಧಿಯವರನ್ನು ಭೇಟಿಯಾದ ಕೆಲವೇ ಹೊತ್ತಿನಲ್ಲಿ ಗಾಂಧಿಯವರ ಹತ್ಯೆಯಾಯಿತು. ಆ ದಿನಗಳ ದೆಹಲಿಯ ಶೋಕವನ್ನು ದಾಖಲಿಸಿದ ಅವರ ಚಿತ್ರಗಳು ಬಾರ್ನಾಕ್ ಅವರ ಪುಟ್ಟ ಚೌಕಟ್ಟಿನಲ್ಲಿಯೇ ಮೂಡಿದವು.

ಒಂದು ಸುರುಳಿಯಲ್ಲಿ 36 ಚಿತ್ರಗಳಿರುವುದಕ್ಕೆ ಬಾರ್ನಾಕ್ ಅವರು ಕೈಗಳನ್ನು ಚಾಚಿ ಅಳೆದ ಫಿಲ್ಮಿನ ಉದ್ದವೇ ಕಾರಣವೆಂಬ ಕಥೆಯೊಂದು ಛಾಯಾಗ್ರಾಹಕರ ನಡುವೆ ಪ್ರಚಲಿತವಾಗಿದೆ.

ಅವರ ಜನ್ಮಶತಾಬ್ದಿಯ ವರ್ಷವಾದ 1979ರಲ್ಲಿ ಆಸ್ಕರ್ ಬಾರ್ನಾಕ್ ಪ್ರಶಸ್ತಿಯನ್ನು ಸ್ಥಾಪಿಸಲಾಯಿತು. ಮನುಷ್ಯ ಮತ್ತು ಪರಿಸರದ ಸಂಬಂಧವನ್ನು ಚಿತ್ರಿಸುವ ಛಾಯಾಗ್ರಾಹಕರಿಗೆ ಸಲ್ಲುವ ಈ ಪ್ರಶಸ್ತಿಯನ್ನು ಬ್ರೆಜಿಲ್ ಮೂಲದ ಸೆಬಾಸ್ಟಿಯಾವೊ ಸಲ್ಗಾಡೊ ಅವರು ಎರಡು ಬಾರಿ ಪಡೆದಿದ್ದಾರೆ. ಹುಟ್ಟೂರಾದ ಲೀನೋದಲ್ಲಿ ಬಾರ್ನಾಕ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಅವರು ಸ್ವಂತಕ್ಕೆ ಬಳಸುತ್ತಿದ್ದ ಶೂನ್ಯ ಸರಣಿಯ 105ನೆಯ ಸಂಖ್ಯೆಯ ಕ್ಯಾಮೆರಾ 2022ರ ಜೂನ್ ತಿಂಗಳಲ್ಲಿ ವೆಟ್ಜ್ಲರ್‌ನಲ್ಲಿ 1.44 ಕೋಟಿ ಯೂರೋಗಳಿಗೆ ಹರಾಜಾಯಿತು.